ಬೀಜದ ಕ್ಯಾಪ್ಸೂಲ್‌ನಿಂದ ಎಲ್‌ಡಿಎಲ್ ಇಳಿಯುತ್ತಾ? ನನ್ನ ಎರಡು ರಿಪೋರ್ಟ್ ಇಲ್ಲಿವೆ

ನಸುಕು:

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ನಾಲ್ಕು ತಿಂಗಳ ಹಿಂದೆ ಮಾಡಿಸಿದ ಲಿಪಿಡ್ ಪ್ರೊಫೈಲ್‌ನಲ್ಲಿ (ರಕ್ತದ ಕೊಬ್ಬಿನ ಪರೀಕ್ಷೆ) ಕೊಲೆಸ್ಟ್ರಾಲ್, ಅದರಲ್ಲೂ ಕೆಟ್ಟದ್ದು ಅನ್ನುವ ಎಲ್‌ಡಿಎಲ್, ಜಾಸ್ತಿ ಬಂತು. ಮೂರು ತಿಂಗಳು ಊಟ, ನಡಿಗೆ ಸರಿ ಮಾಡಿಕೊಳ್ಳಿ, ಆಮೇಲೆ ಮಾತ್ರೆಯ ವಿಷಯ ಮಾತಾಡೋಣ ಅಂದರು ಡಾಕ್ಟರು. ಮಾತ್ರೆ ಅಂದರೆ ನನಗೆ ಭಯ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು ಅಂತಾರಲ್ಲ. ಹಾಗಾಗಿ ನೆಂಟರೊಬ್ಬರು ಹೇಳಿದ ಬೀಜದ ಕ್ಯಾಪ್ಸೂಲ್ ಶುರು ಮಾಡಿದೆ. ಡಬ್ಬಿಯ ಮೇಲೆ ಅಗಸೆ, ಮೆಂತ್ಯ, ಕರಿಜೀರಿಗೆ, ಇಸಬ್ಗೋಲ್ ಅಂತ ಬರೆದಿದೆ. ಒಂದೊಂದು ಕ್ಯಾಪ್ಸೂಲ್ 500 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು.

ನನ್ನ ಸಂಖ್ಯೆಗಳು, ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ:

ಮೊದಲು: ಒಟ್ಟು 241, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 47, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಕೊಬ್ಬು) 170, ಎಲ್‌ಡಿಎಲ್ 160.
ಈಗ: ಒಟ್ಟು 232, ಎಚ್‌ಡಿಎಲ್ 48, ಟ್ರೈಗ್ಲಿಸರೈಡ್ 155, ಎಲ್‌ಡಿಎಲ್ 153.

ಎಲ್ಲವೂ ಒಳ್ಳೆ ದಿಕ್ಕಿಗೆ ಹೋಗಿವೆ, ಅಲ್ವಾ? ಇದು ಕ್ಯಾಪ್ಸೂಲ್‌ನಿಂದಲೇ ಆಗಿದ್ದಾ? ಇನ್ನೂ ಆರು ತಿಂಗಳು ಹೀಗೇ ಮುಂದುವರಿಸಲಾ? ಅನುಭವ ಇರುವವರು ದಯವಿಟ್ಟು ಹೇಳಿ.

ಲ್ಯಾಬ್‌ಕೋಟು:

ನಾನು ಪರೀಕ್ಷಾ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಖುಷಿಗೆ ಕಲ್ಲು ಹಾಕಬೇಕು ಅಂತಲ್ಲ. ಆದರೆ 160ರಿಂದ 153 ಆದದ್ದನ್ನು ನಾನು ಇಳಿಕೆ ಅಂತ ಇನ್ನೂ ಕರೆಯುವುದಿಲ್ಲ.

ಏನೂ ಬದಲಾಯಿಸದೆ ಇದ್ದರೂ ಒಬ್ಬರ ಎಲ್‌ಡಿಎಲ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ಶೇಕಡಾ 5ರಿಂದ 10ರಷ್ಟು ಆಚೀಚೆ ಆಗುವುದು ಮಾಮೂಲಿ. ನಿಮ್ಮದು ಬದಲಾಗಿರುವುದು ಶೇಕಡಾ 4 ಚಿಲ್ಲರೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಹೆಚ್ಚಿನ ರಿಪೋರ್ಟ್‌ಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆದಿರುವುದಿಲ್ಲ, ಲೆಕ್ಕ ಹಾಕಿರುತ್ತಾರೆ. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರ ಅದು. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ನಿಮ್ಮದೇ ನೋಡಿ: 241ರಲ್ಲಿ 47 ಹೋಯಿತು, 170ರ ಐದನೇ ಒಂದು ಭಾಗ 34 ಹೋಯಿತು, ಉಳಿದದ್ದು 160. ಎರಡನೇ ರಿಪೋರ್ಟ್ ಕೂಡ ಹಾಗೇ ಕೂಡುತ್ತದೆ. ಅಂದರೆ ನಿಮ್ಮ ಎಲ್‌ಡಿಎಲ್ ಸಂಖ್ಯೆಯೊಳಗೆ ಮೂರು ಅಳತೆಗಳ ಅಲುಗಾಟ ಸೇರಿಕೊಂಡಿದೆ. ಅದರಲ್ಲೂ ಟ್ರೈಗ್ಲಿಸರೈಡ್ ಹಿಂದಿನ ದಿನದ ಊಟಕ್ಕೇ ಏರಿಳಿಯುತ್ತದೆ. ಅದು 400 ದಾಟಿದರೆ ಈ ಸೂತ್ರವನ್ನೇ ಬಳಸುವ ಹಾಗಿಲ್ಲ.

ಮೊದಲ ಸಲ ಜಾಸ್ತಿ ಬಂದವರಿಗೆ ಎರಡನೇ ಸಲ ಸ್ವಲ್ಪ ಕಡಿಮೆ ಬರುವುದು ಕೂಡ ಸಹಜ. ಆ ದಿನ ಮೇಲಕ್ಕೆ ಹೋಗಿದ್ದ ಸಂಖ್ಯೆ ತನ್ನ ಜಾಗಕ್ಕೆ ವಾಪಸ್ ಬಂದಿರುತ್ತದೆ. ಆ ಹೊತ್ತಿಗೆ ನಾವು ಏನು ನುಂಗುತ್ತಿರುತ್ತೇವೋ ಅದಕ್ಕೆ ಹೆಸರು ಸಿಗುತ್ತದೆ.

ಕ್ಯಾಪ್ಸೂಲ್ ಜೊತೆ ನಡಿಗೆಯನ್ನೂ ಶುರು ಮಾಡಿದ್ದಿರಾ?

ನಸುಕು:

ಹೌದು ಸರ್. ದಿನಾ 40 ನಿಮಿಷ. ಕರಿದ ತಿಂಡಿಯನ್ನೂ ಕಡಿಮೆ ಮಾಡಿದ್ದೆ.

ಲ್ಯಾಬ್‌ಕೋಟು:

ಹಾಗಾದರೆ ಮೂರು ಬದಲಾವಣೆ ಒಟ್ಟಿಗೆ ಆಗಿವೆ. ಯಾವುದು ಏನು ಮಾಡಿತು ಅಂತ ಈ ಎರಡು ರಿಪೋರ್ಟ್ ಹೇಳಲಾರವು.

ಮಾತ್ರೆಡಬ್ಬಿ:

ನಾನು ಫಾರ್ಮಸಿಸ್ಟ್. ನಾನು ಹೇಳಬೇಕಾದದ್ದು ಒಂದೇ: ಡಬ್ಬಿಯ ಮೇಲಿನ ಹೆಸರು ನೋಡಬೇಡಿ, ತೂಕ ನೋಡಿ.

ನಿಮ್ಮ ಕ್ಯಾಪ್ಸೂಲ್ ಎರಡು ಸೇರಿ ದಿನಕ್ಕೆ 1 ಗ್ರಾಂ. ನಾಲ್ಕು ಬೀಜ ಸಮಪಾಲು ಇದೆ ಅಂತ ಇಟ್ಟುಕೊಂಡರೆ ಒಂದೊಂದೂ 250 ಮಿಲಿಗ್ರಾಂ. ಕಾಲು ಗ್ರಾಂ. ಈಗ ಪ್ರಯೋಗಗಳಲ್ಲಿ ಜನರಿಗೆ ಎಷ್ಟು ಕೊಟ್ಟಿದ್ದರು ನೋಡೋಣ.

ಇಸಬ್ಗೋಲ್ ಹೊಟ್ಟು: ದಿನಕ್ಕೆ ಸುಮಾರು 10 ಗ್ರಾಂ. ನಿಮಗೆ ಸಿಗುತ್ತಿರುವುದು ಅದರ ನಲವತ್ತನೇ ಒಂದು ಭಾಗ. ಅಗಸೆ ಪುಡಿಯ ಒಂದು ಹೆಸರುವಾಸಿ ಪ್ರಯೋಗದಲ್ಲಿ ದಿನಕ್ಕೆ 30 ಗ್ರಾಂ ಕೊಟ್ಟಿದ್ದರು. ನಿಮಗೆ ನೂರಿಪ್ಪತ್ತನೇ ಒಂದು ಭಾಗ. ಮೆಂತ್ಯದ ಬಗ್ಗೆ ಎಲ್ಲರೂ ಎತ್ತಿ ಹೇಳುವ 1990ರ ಪ್ರಯೋಗದಲ್ಲಿ ಟೈಪ್ 1 ಡಯಾಬಿಟಿಸ್ ಇದ್ದವರಿಗೆ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ, ಹತ್ತು ದಿನ ಕೊಟ್ಟಿದ್ದರು. ಸಕ್ಕರೆಯೂ ಇಳಿಯಿತು, ಎಲ್‌ಡಿಎಲ್ ಕೂಡ ಇಳಿಯಿತು. ಆದರೆ 100 ಗ್ರಾಂ! ಅದು ಊಟದ ಲೆಕ್ಕ, ಔಷಧಿಯ ಲೆಕ್ಕವಲ್ಲ. ಕರಿಜೀರಿಗೆ ಮಾತ್ರ ಒಂದೆರಡು ಗ್ರಾಂನಲ್ಲಿ ಪರೀಕ್ಷೆಗೆ ಒಳಗಾಗಿದೆ. ಅಲ್ಲೂ ನಿಮ್ಮ ಕ್ಯಾಪ್ಸೂಲ್ ಕಾಲು ಭಾಗಕ್ಕಿಂತ ಮೇಲೆ ಹೋಗುವುದಿಲ್ಲ.

ಬೀಜ ಸುಳ್ಳಲ್ಲ. ಬೀಜದ ಕೆಲಸ ನಡೆಯುವುದು ಚಮಚದ ಅಳತೆಯಲ್ಲಿ. ಅದನ್ನು ಕ್ಯಾಪ್ಸೂಲ್‌ಗೆ ತುಂಬಿದರೆ ಹೆಸರು ಮಾತ್ರ ಒಳಗೆ ಹೋಗುತ್ತದೆ, ಅಳತೆ ಹೊರಗೆ ಉಳಿಯುತ್ತದೆ. ಇಸಬ್ಗೋಲ್ ಒಂದನ್ನೇ 500 ಮಿಲಿಗ್ರಾಂ ಕ್ಯಾಪ್ಸೂಲ್‌ನಲ್ಲಿ ತೆಗೆದುಕೊಂಡರೂ ದಿನಕ್ಕೆ 20 ನುಂಗಬೇಕು.

ಕಾಡುಹಾದಿ:

ಎಲ್ಲಾ ಬೀಜವನ್ನೂ ಒಂದೇ ಏಟಿಗೆ ತಳ್ಳಿಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಾನು ಎರಡು ವರ್ಷದಿಂದ ಅಗಸೆ ಪುಡಿ ತಿನ್ನುತ್ತಿದ್ದೇನೆ. ಕ್ಯಾಪ್ಸೂಲ್ ಅಲ್ಲ, ಎರಡು ದೊಡ್ಡ ಚಮಚ ಪುಡಿ. ಮಾತ್ರೆಡಬ್ಬಿ ಅವರು ಹೇಳಿದ 30 ಗ್ರಾಂ ಪ್ರಯೋಗ ಕೆನಡಾದಲ್ಲಿ ನಡೆದದ್ದು. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ಜನರ ಮೇಲೆ. 2013ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಅಗಸೆ ತಿಂದವರ ಮೇಲಿನ ಬಿಪಿ ಸಂಖ್ಯೆ, ತಿನ್ನದವರಿಗಿಂತ ಸುಮಾರು 10 ಕಡಿಮೆ ಇತ್ತು. ಇದು ಸಣ್ಣ ವಿಷಯವಾ?

ಕರಿಜೀರಿಗೆಯ 17 ಪ್ರಯೋಗಗಳನ್ನು ಒಟ್ಟು ಮಾಡಿ 2016ರಲ್ಲಿ ಲೆಕ್ಕ ಹಾಕಿದ್ದಾರೆ. ಎಲ್‌ಡಿಎಲ್ ಸರಾಸರಿ 14 ಮಿಲಿಗ್ರಾಂನಷ್ಟು ಇಳಿದಿದೆ. ಹೀಗಿರುವಾಗ ಬೀಜದಿಂದ ಏನೂ ಆಗಲ್ಲ ಅಂದರೆ ಬೇಜಾರಾಗುತ್ತದೆ.

ಹಳೇಓದುಗ:

ಕಾಡುಹಾದಿ ಅವರೇ, ಬಿಪಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆ ಪ್ರಯೋಗ ಚೆನ್ನಾಗಿ ನಡೆದದ್ದು. ಆದರೆ ಇಲ್ಲಿನ ಪ್ರಶ್ನೆ ಎಲ್‌ಡಿಎಲ್ ಅಲ್ವಾ, ಅದಕ್ಕೇ ಬರುತ್ತೇನೆ.

ಅಗಸೆಯ 28 ಪ್ರಯೋಗಗಳನ್ನು ಒಟ್ಟುಗೂಡಿಸಿ 2009ರಲ್ಲಿ ಒಂದು ವಿಶ್ಲೇಷಣೆ ಬಂತು. ಎಲ್‌ಡಿಎಲ್ ಇಳಿದದ್ದು ಸರಾಸರಿ 3 ಮಿಲಿಗ್ರಾಂ. ಹೌದು, ಮೂರೇ. ಮೊದಲೇ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಲ್ಲಿ, ಮತ್ತೆ ಮುಟ್ಟು ನಿಂತ ಹೆಂಗಸರಲ್ಲಿ ಪರಿಣಾಮ ಸ್ವಲ್ಪ ಹೆಚ್ಚು ಕಂಡಿತು. ಅದಕ್ಕಿಂತ ಮುಖ್ಯವಾದದ್ದು, ಇಡೀ ಬೀಜ ಮತ್ತು ಅದರಲ್ಲಿರುವ ಲಿಗ್ನಾನ್ ಅನ್ನುವ ಸಸ್ಯಾಂಶ ಕೆಲಸ ಮಾಡಿದವು, ಅಗಸೆ ಎಣ್ಣೆ ಮಾಡಲಿಲ್ಲ. ಎಣ್ಣೆ ತೆಗೆದಾಗ ನಾರು, ಲೋಳೆ ಎಲ್ಲ ಹಿಂಡಿಯಲ್ಲೇ ಉಳಿಯುತ್ತದೆ. ಅಗಸೆ ಎಣ್ಣೆಯ ಕ್ಯಾಪ್ಸೂಲ್ ತಗೊಂಡು ಎಲ್‌ಡಿಎಲ್ ಇಳಿಯಲಿ ಅಂತ ಕಾಯುವವರು ಇದನ್ನು ಗಮನಿಸಬೇಕು.

ಕರಿಜೀರಿಗೆಯ 14 ಕೇಳಲು ಚೆನ್ನಾಗಿದೆ. ಆದರೆ ಅದರಲ್ಲಿ ಹೆಚ್ಚಿನವು ಕಡಿಮೆ ಜನರ ಮೇಲೆ, ಕೆಲವೇ ವಾರ ಮಾಡಿದ ಪ್ರಯೋಗಗಳು. ಕೆಲವದರಲ್ಲಿ ಪುಡಿ, ಕೆಲವದರಲ್ಲಿ ಎಣ್ಣೆ. ಒಂದು ಪ್ರಯೋಗದ ಫಲ ಇನ್ನೊಂದರಲ್ಲಿ ಹಾಗೇ ಕಾಣುವುದಿಲ್ಲ. ಹೆಸರಿನ ಗೊಂದಲ ಬೇರೆ. ಕರಿಜೀರಿಗೆ, ಕೃಷ್ಣ ಜೀರಿಗೆ, ಕಲೋಂಜಿ ಅಂತ ಕರೆಯುವುದು ನೈಜೆಲ್ಲಾ ಸಟೈವಾ ಗಿಡದ ಬೀಜವನ್ನು. ಕಾಡುಜೀರಿಗೆ ಬೇರೆಯೇ ಗಿಡ. ಶಾಹಿ ಜೀರಿಗೆ ಇನ್ನೊಂದು. ಡಬ್ಬಿಯ ಮೇಲೆ ಸುಮ್ನೆ ಕಪ್ಪು ಜೀರಿಗೆ ಅಂತಿದ್ದರೆ ಒಳಗೆ ಯಾವುದಿದೆ ಅಂತ ಹೇಗೆ ಹೇಳೋದು? ಗಿಡದ ಶಾಸ್ತ್ರೀಯ ಹೆಸರು ಬರೆದಿಲ್ಲದ ಡಬ್ಬಿಯನ್ನು ನಾನು ಕೊಳ್ಳುವುದೇ ಇಲ್ಲ.

ಬೀಜಗಳ ಪೈಕಿ ನನಗೆ ಪೂರ್ತಿ ನಂಬಿಕೆ ಇರುವುದು ಇಸಬ್ಗೋಲ್ ಮೇಲೆ ಮಾತ್ರ. ಅದರ ಬಗ್ಗೆ ಮಾತ್ರೆಡಬ್ಬಿ ಅವರು ಬಿಡಿಸಿ ಹೇಳಿದರೆ ಒಳ್ಳೆಯದು.

ಮಾತ್ರೆಡಬ್ಬಿ:

ಖಂಡಿತ. ಇದನ್ನು ಹೇಳುವುದು ನನಗೂ ಇಷ್ಟದ ಕೆಲಸ.

ನಮ್ಮ ಲಿವರ್ ಕೊಲೆಸ್ಟ್ರಾಲ್ ಬಳಸಿ ಪಿತ್ತಾಮ್ಲ ತಯಾರಿಸುತ್ತದೆ. ಅದು ಪಿತ್ತರಸದ ಜೊತೆ ಕರುಳಿಗೆ ಬಂದು, ತಿಂದ ಕೊಬ್ಬು ಕರಗಲು ನೆರವಾಗುತ್ತದೆ. ಕೆಲಸ ಮುಗಿದ ಮೇಲೆ ದೇಹ ಅದನ್ನು ಚೆಲ್ಲುವುದಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಸುಮಾರು ಶೇಕಡಾ 95 ಭಾಗವನ್ನು ಮತ್ತೆ ಹೀರಿಕೊಂಡು ಲಿವರಿಗೆ ವಾಪಸ್ ಕಳಿಸುತ್ತದೆ. ಅದೇ ಸರಕು ಮತ್ತೆ ಮತ್ತೆ ಬಳಕೆಯಾಗುತ್ತದೆ.

ಇಸಬ್ಗೋಲ್ ಹೊಟ್ಟು ನೀರು ಕುಡಿದು ಗಟ್ಟಿ ಲೋಳೆಯಾಗುತ್ತದೆ ನೋಡಿ. ಆ ಲೋಳೆ ಕರುಳಿನಲ್ಲಿ ಪಿತ್ತಾಮ್ಲವನ್ನು ಒಂದಿಷ್ಟು ಸಿಕ್ಕಿಸಿಕೊಂಡು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಲಿವರಿಗೆ ವಾಪಸ್ ಬರುವುದು ಕಡಿಮೆಯಾಯಿತು. ಈಗ ಅದು ಹೊಸದಾಗಿ ತಯಾರಿಸಬೇಕು. ಕಚ್ಚಾಮಾಲು ಯಾವುದು? ಕೊಲೆಸ್ಟ್ರಾಲ್. ಅದಕ್ಕಾಗಿ ಲಿವರ್ ಜೀವಕೋಶಗಳು ತಮ್ಮ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಕೊಕ್ಕೆಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುತ್ತದೆ. ಈ ಕೊಕ್ಕೆಗಳನ್ನು ಕಂಡುಹಿಡಿದು ಅವು ಹೇಗೆ ಕೆಲಸ ಮಾಡುತ್ತವೆ ಅಂತ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಡಾಕ್ಟರು ಕೊಲೆಸ್ಟ್ರಾಲ್‌ಗೆ ಬರೆದುಕೊಡುವ ಸ್ಟಾಟಿನ್ ಮಾತ್ರೆ ಕೂಡ ಕೊನೆಗೆ ಇದೇ ಕೊಕ್ಕೆಗಳನ್ನು ಹೆಚ್ಚಿಸುತ್ತದೆ. ದಾರಿ ಮಾತ್ರ ಬೇರೆ. ಅದು ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನೇ ತಡೆಯುತ್ತದೆ.

ಹಾಗಾದರೆ ಇಳಿಕೆ ಎಷ್ಟು? ಹೊಟ್ಟು ದಿನಕ್ಕೆ ಸುಮಾರು 10 ಗ್ರಾಂ, ಎರಡು ತಿಂಗಳ ಮೇಲೆ ತೆಗೆದುಕೊಂಡರೆ ಎಲ್‌ಡಿಎಲ್ ಸರಾಸರಿ ಶೇಕಡಾ 7ರಷ್ಟು ಇಳಿಯುತ್ತದೆ. ಇಷ್ಟು ಗಟ್ಟಿ ಆಧಾರ ಇರುವುದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಇದರ ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿತು. ಷರತ್ತು ಏನೆಂದರೆ ದಿನಕ್ಕೆ 7 ಗ್ರಾಂ ಕರಗುವ ನಾರು ಸಿಗಬೇಕು. ಹೊಟ್ಟಿನ ಲೆಕ್ಕದಲ್ಲಿ ಅದೇ ಹತ್ತು ಗ್ರಾಂ.

ಶೇಕಡಾ 7 ಅಂದರೆ ಕಡಿಮೆ ಅನಿಸಬಹುದು. ಆದರೆ ಸ್ಟಾಟಿನ್ ಡೋಸ್ ಅನ್ನು ದುಪ್ಪಟ್ಟು ಮಾಡಿದಾಗ ಸಿಗುವ ಹೆಚ್ಚುವರಿ ಇಳಿಕೆ ಸುಮಾರು ಶೇಕಡಾ 6 ಮಾತ್ರ. 2005ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸಿಂವಾಸ್ಟಾಟಿನ್ 10 ಮಿಲಿಗ್ರಾಂ ಜೊತೆ ಇಸಬ್ಗೋಲ್ 15 ಗ್ರಾಂ ತೆಗೆದುಕೊಂಡವರಲ್ಲಿ, ಸಿಂವಾಸ್ಟಾಟಿನ್ 20 ಮಿಲಿಗ್ರಾಂ ತೆಗೆದುಕೊಂಡವರಷ್ಟೇ ಎಲ್‌ಡಿಎಲ್ ಇಳಿಯಿತು. ಇಸಬ್ಗೋಲ್ ಮಾತ್ರೆಯ ಜಾಗದಲ್ಲಿ ಕೂರುವುದಿಲ್ಲ, ಮಾತ್ರೆಯ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ.

ಗೋರಂಟಿ:

ಕೊನೆಯ ಸಾಲು ಓದಿ ಬರೆಯಲೇಬೇಕು ಅನ್ನಿಸಿತು. ನಮ್ಮ ಅಪ್ಪನ ವಿಷಯ.

ಅಪ್ಪನಿಗೆ 58ನೇ ವಯಸ್ಸಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಸ್ಟಾಟಿನ್ ತಗೊಳ್ತಿದ್ದರು, ಎಲ್‌ಡಿಎಲ್ 70ರ ಆಸುಪಾಸು ಇತ್ತು. ಯಾರೋ ಬೀಜದ ಪುಡಿ ಕೊಟ್ಟು, ಇದು ಇದ್ದರೆ ಮಾತ್ರೆ ಬೇಡ ಅಂದರು. ಅಪ್ಪ ನಮಗ್ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಪುಡಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಒಂಬತ್ತು ತಿಂಗಳ ಮೇಲೆ ರಾತ್ರಿ ಎದೆನೋವು ಬಂತು. ಆಸ್ಪತ್ರೆಯಲ್ಲಿ ನೋಡಿದಾಗ ಎಲ್‌ಡಿಎಲ್ 138.

ಅಪ್ಪ ಬದುಕಿದರು. ಹೃದಯದ ಬಲ ಮಾತ್ರ ಮೊದಲಿನಂತಿಲ್ಲ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲುತ್ತಾರೆ. ಪುಡಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಒಂದು ಸಲ ಹೃದಯಕ್ಕೆ ತೊಂದರೆ ಆದವರು ಬೀಜದ ಭರವಸೆಯಲ್ಲಿ ಮಾತ್ರೆ ಬಿಡಬಾರದು. ಕೈಮುಗಿದು ಕೇಳುತ್ತೇನೆ.

ನಸುಕು:

ಗೋರಂಟಿ ಅವರೇ, ಓದಿ ಎದೆ ಭಾರವಾಯಿತು. ಅಪ್ಪನವರನ್ನು ಚೆನ್ನಾಗಿ ನೋಡಿಕೊಳ್ಳಿ.

ನಾನು ಮೊದಲೇ ಹೇಳಬೇಕಿತ್ತು. ನಮ್ಮ ತಂದೆಯೂ 52ಕ್ಕೆ ಹೃದಯಾಘಾತದಿಂದ ಹೋದರು. ನನ್ನ ಭಯ ಅಲ್ಲಿಂದಲೇ ಬಂದದ್ದು. ಇನ್ನೊಂದು ಕಡೆ ಮಾತ್ರೆಯ ಭಯ. ಸ್ಟಾಟಿನ್ ತಗೊಂಡ ಪರಿಚಯದವರೆಲ್ಲ ಮೈಕೈ ನೋವು ಅಂತಾರೆ.

ಸಂಜೆನಡಿಗೆ:

ತಂದೆಗೆ 52ಕ್ಕೆ ಆಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ನಾಳೆಯೇ ಹೇಳಿ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ. ನನಗೆ ಹಾಗೇ ಆಗಿತ್ತು. ಥೈರಾಯ್ಡ್ ಸರಿಯಾದ ಮೇಲೆ ಎಲ್‌ಡಿಎಲ್ ತಾನಾಗೇ ಇಳಿಯಿತು.

ಹಳೇಓದುಗ:

ಸಂಜೆನಡಿಗೆ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುತ್ತದೆ, ವಂಶದಿಂದ ಬಂದದ್ದು. ಅವರಲ್ಲಿ ಹೆಚ್ಚಿನವರಿಗೆ ಆ ಕೊಕ್ಕೆಗಳದ್ದೇ ದೋಷ. ಅವರ ಎಲ್‌ಡಿಎಲ್ ಸಾಮಾನ್ಯವಾಗಿ 190 ದಾಟಿರುತ್ತದೆ. ನಿಮ್ಮದು ಅಷ್ಟಿಲ್ಲ. ಆದರೆ ಇದನ್ನು ಓದುತ್ತಿರುವ ಯಾರದ್ದಾದರೂ ಅಷ್ಟಿದ್ದರೆ ಬೀಜ, ಪಥ್ಯ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಮನೆಯ ಮಕ್ಕಳಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಮಾತ್ರೆಡಬ್ಬಿ:

ಮೈಕೈ ನೋವಿನ ಬಗ್ಗೆ. ನೋವು ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕೆಲವರಿಗೆ ಸ್ಟಾಟಿನ್‌ನಿಂದಲೇ ಬರುತ್ತದೆ. ಆದರೆ 2020ರಲ್ಲಿ ಬಂದ ಸ್ಯಾಮ್‌ಸನ್ ಅನ್ನುವ ಪ್ರಯೋಗದ ಬಗ್ಗೆ ಕೇಳಿ. ನೋವು, ಸುಸ್ತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ತೆಗೆದುಕೊಂಡರು. ಒಂದು ವರ್ಷದಲ್ಲಿ ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಔಷಧಿ ಇಲ್ಲದ ಬರೀ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ಈ ತಿಂಗಳುಗಳನ್ನು ಕಲಸಿ ಕೊಟ್ಟರು. ಯಾವ ತಿಂಗಳು ಯಾವ ಮಾತ್ರೆ ಅಂತ ಅವರಿಗೆ ಗೊತ್ತಿಲ್ಲ. ಸ್ಟಾಟಿನ್ ತಿಂಗಳಲ್ಲಿ ಬಂದ ತೊಂದರೆಯ ಶೇಕಡಾ 90 ಭಾಗ ಬರೀ ಮಾತ್ರೆಯ ತಿಂಗಳಲ್ಲೂ ಬಂದಿತ್ತು. ಇದು ಗೊತ್ತಾದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು. ಭಯವೂ ಮೈಯನ್ನು ನೋಯಿಸಬಲ್ಲದು.

ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಸುಮಾರು ಶೇಕಡಾ 22ರಷ್ಟು ಕಡಿಮೆಯಾಗುತ್ತವೆ ಅಂತ ಸ್ಟಾಟಿನ್ ಪ್ರಯೋಗಗಳು ತೋರಿಸಿವೆ. ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಅದು. ಬೀಜಗಳ ಹಿಂದೆ ಅಂಥ ಲೆಕ್ಕ ಇಲ್ಲ. ಅವುಗಳ ಪ್ರಯೋಗ ಅಳೆದಿರುವುದು ರಕ್ತದ ಸಂಖ್ಯೆಯನ್ನು.

ಕಾಡುಹಾದಿ:

ಗೋರಂಟಿ ಅವರ ಮಾತು ಓದಿ ಎರಡು ದಿನ ಸುಮ್ಮನಿದ್ದೆ. ಮಾತ್ರೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಆದರೂ ಒಂದು ಮಾತು. ಸ್ಟಾಟಿನ್ ಕೂಡ ಪ್ರಕೃತಿಯಿಂದಲೇ ಬಂದದ್ದಲ್ವಾ? ಜಪಾನಿನ ಅಕಿರಾ ಎಂಡೋ ಅವರು 1970ರ ದಶಕದಲ್ಲಿ ಶಿಲೀಂಧ್ರದಲ್ಲಿ ಕಂಡದ್ದು. ಹಾಗಿದ್ದಾಗ ಶಿಲೀಂಧ್ರ ಹಾಕಿ ಹುದುಗಿಸಿದ ಕೆಂಪು ಯೀಸ್ಟ್ ಅಕ್ಕಿ ತಗೊಂಡರೆ ಏನು ತಪ್ಪು? ಅದೂ ಧಾನ್ಯವೇ.

ಹಳೇಓದುಗ:

ತಪ್ಪು ಅಲ್ಲಿ ಅಳತೆಯದ್ದು. ಕೆಂಪು ಯೀಸ್ಟ್ ಅಕ್ಕಿಯಲ್ಲಿ ಕೆಲಸ ಮಾಡುವ ಮೊನಾಕೊಲಿನ್ ಕೆ ಅನ್ನುವುದೇ ಲೋವಾಸ್ಟಾಟಿನ್. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್ ಅದು. ಮಾತ್ರೆಯಲ್ಲಿ ಎಷ್ಟಿದೆ ಅಂತ ಮಿಲಿಗ್ರಾಂ ಸಮೇತ ಗೊತ್ತು. ಪುಡಿಯಲ್ಲಿ ಒಂದು ಡಬ್ಬಿಗೂ ಇನ್ನೊಂದಕ್ಕೂ ತಾಳೆ ಇರುವುದಿಲ್ಲ. ಸ್ಟಾಟಿನ್‌ನ ಅಡ್ಡಪರಿಣಾಮ ಎಲ್ಲ ಇದಕ್ಕೂ ಇವೆ. ಅದಕ್ಕೇ ಐರೋಪ್ಯ ಒಕ್ಕೂಟ 2022ರಲ್ಲಿ ದಿನದ ಪ್ರಮಾಣ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಅಂತ ನಿಯಮ ಮಾಡಿತು.

ಅದೇ 2022ರಲ್ಲಿ ಬಂದ ಇನ್ನೊಂದು ಪ್ರಯೋಗ ಇದೆ. 190 ಜನ, 28 ದಿನ. ಒಂದು ಗುಂಪಿಗೆ ರೋಸುವಾಸ್ಟಾಟಿನ್ 5 ಮಿಲಿಗ್ರಾಂ, ಒಂದಕ್ಕೆ ಬರೀ ಮಾತ್ರೆ, ಉಳಿದವರಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ. ರೋಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು ಶೇಕಡಾ 38ರಷ್ಟು ಇಳಿಸಿತು. ಉಳಿದ ಆರರಲ್ಲಿ ಒಂದೂ ಬರೀ ಮಾತ್ರೆಗಿಂತ ಮೇಲೆ ಬರಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕು. ಆ ಪಟ್ಟಿಯಲ್ಲಿ ಇಸಬ್ಗೋಲ್ ಇರಲಿಲ್ಲ, ಅಗಸೆಯೂ ಇರಲಿಲ್ಲ. ಆ ಪ್ರಯೋಗ ತೋರಿಸಿ ಬೀಜವೆಲ್ಲ ದಂಡ ಅನ್ನುವವರು ಕೂಡ ತಪ್ಪು ಮಾಡುತ್ತಿದ್ದಾರೆ.

ಕಾಡುಹಾದಿ:

ಒಪ್ಪಿದೆ. ಆ ಕೊನೆಯ ಸಾಲಿಗೆ ಧನ್ಯವಾದ.

ನಸುಕು:

ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ. ಹೀಗೆ ಮಾಡೋಣ ಅಂತಿದ್ದೇನೆ. ಕ್ಯಾಪ್ಸೂಲ್ ನಿಲ್ಲಿಸುತ್ತೇನೆ. ಡಾಕ್ಟರಿಗೆ ತಂದೆಯ ವಿಷಯ ಹೇಳಿ, ಅವರು ಒಪ್ಪಿದರೆ ಎರಡು ತಿಂಗಳು ಬರೀ ಇಸಬ್ಗೋಲ್ ಹೊಟ್ಟು. ನಡಿಗೆ, ಊಟ ಈಗಿರುವಂತೆಯೇ. ಹೇಗೆ ತೆಗೆದುಕೊಳ್ಳಬೇಕು ಹೇಳುತ್ತೀರಾ?

ಲ್ಯಾಬ್‌ಕೋಟು:

ತುಂಬಾ ಒಳ್ಳೆಯದು. ಶುರು ಮಾಡುವ ಮುಂಚೆ ಒಂದು ವಾರದ ಅಂತರದಲ್ಲಿ ಎರಡು ಪರೀಕ್ಷೆ. ಎರಡು ತಿಂಗಳಾದ ಮೇಲೆ ಹಾಗೇ ಎರಡು. ಒಂದೇ ಲ್ಯಾಬ್, ಒಂದೇ ಹೊತ್ತು, ಹಿಂದಿನ ರಾತ್ರಿ ಒಂದೇ ರೀತಿಯ ಊಟ. ಜ್ವರ ಬಂದಿದ್ದರೆ ಕೆಲವು ವಾರ ಮುಂದೂಡಿ, ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗೇ ಇಳಿದು ಮೋಸ ಮಾಡುತ್ತದೆ.

ಮಾತ್ರೆಡಬ್ಬಿ:

ಮೊದಲ ವಾರ ದಿನಕ್ಕೆ 3 ಗ್ರಾಂ ಸಾಕು. ಎರಡನೇ ವಾರ 6. ಆಮೇಲೆ 10, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ, ಊಟದ ಹೊತ್ತಿಗೆ. ಒಂದೇ ಸಲಕ್ಕೆ ಪೂರ್ತಿ ಶುರು ಮಾಡಿದವರು ಹೊಟ್ಟೆ ಉಬ್ಬರಿಸಿ ನಾಲ್ಕೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಚಮಚ ನಂಬಬೇಡಿ. ಹೊಟ್ಟು ಹಗುರ, ಪುಡಿ ಭಾರ. ಒಮ್ಮೆ ತೂಕ ಮಾಡಿ ನಿಮ್ಮ ಚಮಚಕ್ಕೆ ಎಷ್ಟು ಅಂತ ಗುರುತು ಇಟ್ಟುಕೊಳ್ಳಿ.

ನೀರು ಮುಖ್ಯ. ಪ್ರತಿ ಸಲಕ್ಕೂ ಒಂದು ದೊಡ್ಡ ಲೋಟ, ಕನಿಷ್ಠ 240 ಮಿಲಿಲೀಟರ್. ಕಲಸಿದ ತಕ್ಷಣ ಕುಡಿಯಿರಿ. ಒಣ ಹೊಟ್ಟನ್ನು ಬಾಯಿಗೆ ಹಾಕಿ ಮೇಲೆ ನೀರು ಕುಡಿಯುವುದು ಬೇಡವೇ ಬೇಡ. 2014ರಲ್ಲಿ ಅಮೆರಿಕದ ವೈದ್ಯರು ಒಂದು ಪ್ರಕರಣ ವರದಿ ಮಾಡಿದ್ದರು. ಒಬ್ಬರು ಒಂದು ಚಮಚ ಒಣ ಚಿಯಾ ಬೀಜ ನುಂಗಿ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡಿತು. ಇಸಬ್ಗೋಲ್‌ಗೂ ಅದೇ ಅಪಾಯ. ನುಂಗಲು ಕಷ್ಟ ಇರುವವರು, ಕರುಳು ಕಟ್ಟಿಕೊಂಡ ಇತಿಹಾಸ ಇರುವವರು ಮುಟ್ಟಬಾರದು.

ಬೇರೆ ಮಾತ್ರೆ ಇದ್ದರೆ ಹೊಟ್ಟಿನಿಂದ ಎರಡು ಗಂಟೆ ದೂರ ಇಡಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಲೋಳೆ ಅದನ್ನೂ ಹಿಡಿದುಕೊಳ್ಳುತ್ತದೆ. ಇದು ಅಗಸೆಗೂ ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ಮೆಂತ್ಯ, ಇಸಬ್ಗೋಲ್ ಶುರು ಮಾಡಿದಾಗ ಸಕ್ಕರೆ ತೀರಾ ಇಳಿಯದಂತೆ ನೋಡಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಯಾವ ಬೀಜದ ಪುಡಿಯನ್ನೂ ಶುರು ಮಾಡಬಾರದು. ಗರ್ಭಿಣಿಯರು ಔಷಧಿಯ ಅಳತೆಯಲ್ಲಿ ಮೆಂತ್ಯ ತಿನ್ನಬಾರದು.

ಕಾಡುಹಾದಿ:

ಅಗಸೆ ತಿನ್ನುವವರಿಗೆ ನನ್ನ ಕಡೆಯಿಂದ ಒಂದು. ಇಡೀ ಬೀಜ ತಿಂದರೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿಯೇ ತಿನ್ನಬೇಕು. ಪುಡಿ ಮಾಡಿದ ಮೇಲೆ ಬೇಗ ಮುಗ್ಗುತ್ತದೆ. ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿ ಫ್ರಿಜ್‌ನಲ್ಲಿಡಿ.

ನಸುಕು (ಮೂರು ತಿಂಗಳ ನಂತರ):

ಎಲ್ಲರಿಗೂ ಮತ್ತೆ ನಮಸ್ಕಾರ. ರಿಪೋರ್ಟ್ ಬಂದಿದೆ.

ಶುರು ಮಾಡುವ ಮುಂಚಿನ ಎರಡು ಎಲ್‌ಡಿಎಲ್: 155 ಮತ್ತು 161. ನೋಡಿ, ಒಂದೇ ವಾರದಲ್ಲಿ 6 ವ್ಯತ್ಯಾಸ! ಏನೂ ಮಾಡದೆ! ನಾನು ಕ್ಯಾಪ್ಸೂಲ್‌ನಿಂದ 7 ಇಳಿಯಿತು ಅಂತ ಕುಣಿದಾಡಿದ್ದೆ. ಲ್ಯಾಬ್‌ಕೋಟು ಅವರು ಹೇಳಿದ್ದು ಆವತ್ತು ಪೂರ್ತಿ ಅರ್ಥವಾಯಿತು. ಸರಾಸರಿ 158.

ಇಸಬ್ಗೋಲ್ ಎರಡು ತಿಂಗಳಾದ ಮೇಲೆ: 148 ಮತ್ತು 144. ಸರಾಸರಿ 146. ಇಳಿದದ್ದು 12, ಅಂದರೆ ಶೇಕಡಾ ಏಳೂವರೆ. ಥೈರಾಯ್ಡ್ ಸರಿಯಾಗಿದೆ.

ಡಾಕ್ಟರು ತಂದೆಯ ವಯಸ್ಸು ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. 146 ನಿಮಗೆ ಸಾಲದು ಅಂದರು. ಸಣ್ಣ ಡೋಸ್ ಸ್ಟಾಟಿನ್ ಬರೆದುಕೊಟ್ಟರು. ಮೊದಲಾಗಿದ್ದರೆ ಚೀಟಿ ಮಡಚಿ ಚೀಲದಲ್ಲಿಟ್ಟು ಮರೆತುಬಿಡುತ್ತಿದ್ದೆ. ಈ ಸಲ ಅದೇ ದಿನ ಮಾತ್ರೆ ಕೊಂಡುಕೊಂಡೆ. ಇವತ್ತಿಗೆ ಹದಿನೆಂಟು ದಿನ. ಮೂರನೇ ದಿನ ತೊಡೆ ನೋವು ಬಂತು. ಸ್ಯಾಮ್‌ಸನ್ ಪ್ರಯೋಗ ನೆನಪು ಮಾಡಿಕೊಂಡು ಒಂದು ವಾರ ಕಾದೆ. ಹೋಯಿತು. ಇಸಬ್ಗೋಲ್ ಬಿಟ್ಟಿಲ್ಲ, ಡಾಕ್ಟರೇ ಮುಂದುವರಿಸಿ ಅಂದರು.

ಗೋರಂಟಿ:

ನಸುಕು ಅಕ್ಕ, ಓದಿ ಕಣ್ಣು ತುಂಬಿತು. ಅಪ್ಪನಿಗೂ ಓದಿ ಹೇಳಿದೆ. ಇಸಬ್ಗೋಲ್ ಮಾತ್ರೆ ಜೊತೆಗೆ ತಗೊಳ್ಳಬಹುದಾ ಅಂತ ಅವರೇ ಕೇಳುತ್ತಿದ್ದಾರೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವಾಗ ಕೇಳುತ್ತೇವೆ. ನೀವು ಯಾವ ಹೊತ್ತಿಗೆ ಯಾವುದು ತಗೊಳ್ತೀರಿ?

ನಸುಕು:

ಹೊಟ್ಟು ಬೆಳಿಗ್ಗೆ ತಿಂಡಿಗೆ 5 ಗ್ರಾಂ, ಮಧ್ಯಾಹ್ನ ಊಟಕ್ಕೆ 5 ಗ್ರಾಂ. ಸಂಜೆ ಮೇಲೆ ಹೊಟ್ಟು ಇಲ್ಲ. ಮಾತ್ರೆ ರಾತ್ರಿ ಮಲಗುವಾಗ. ಹೀಗೆ ಮಾಡಿದರೆ ಗಂಟೆ ಎಣಿಸುವ ಗೋಜಿಲ್ಲ. ಅಪ್ಪನವರಿಗೆ ಬೇರೆ ಮಾತ್ರೆಗಳೂ ಇರುತ್ತವಲ್ಲ, ಎಲ್ಲವನ್ನೂ ಒಂದು ಚೀಟಿಯಲ್ಲಿ ಹೊತ್ತಿನ ಸಮೇತ ಬರೆದುಕೊಂಡು ಹೋಗಿ, ಡಾಕ್ಟರ ಮುಂದೆಯೇ ಜಾಗ ಹುಡುಕಿ. ಮತ್ತೆ ನೀರು, ದೊಡ್ಡ ಲೋಟ. ಅದನ್ನು ನೀವೇ ಪಕ್ಕದಲ್ಲಿ ನಿಂತು ಕುಡಿಸಿ.